ಗೆಜ್ಜೆಯ ಕ್ಲೇಮು

ಹಂಸಳ ಅಣ್ಣ ವಸಂತನಿಗೆ ಕುದುರೆಗಳ ಮೇಲೆ ದ್ವೇಷವೇನೂ ಇರಲಿಲ್ಲ. ಅವು ನಿಂತಿದ್ದ ಜಾಗದ ಮೇಲೆ ಆಸೆಯಿತ್ತು, ಅಷ್ಟೆ. ರಾಮಮೂರ್ತಿ ನಗರ ದಾಟಿ ಕಲ್ಕೆರೆಯ ಕಡೆಗೆ ಅವರ ಅಪ್ಪ ಒಂದು ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮಾರದೆ ಉಳಿದದ್ದು ಒಂದು ತುಂಡು. ಅಪ್ಪ ತೀರಿಕೊಂಡ ಮೇಲೆ ಅದು ಅಣ್ಣ ತಂಗಿಗೆ ಸಮನಾಗಿ ಹಂಚಿಹೋಯಿತು. ವಸಂತ ತನ್ನ ಪಾಲಿನಲ್ಲಿ ಐದು ಅಂತಸ್ತಿನ ಪಿ.ಜಿ. ಎತ್ತಿಸಿ, ಮಾರತ್ತಹಳ್ಳಿಯ ಆಫೀಸುಗಳಿಗೆ ಹೋಗಿಬರುವ ಹುಡುಗರಿಗೆ ಮಂಚಕ್ಕಿಷ್ಟು ಎಂದು ಬಾಡಿಗೆಗೆ ಕೊಟ್ಟ. ಕಾಲೇಜಿನಲ್ಲಿ ಎನ್‌ಸಿಸಿ ಕುದುರೆ ದಳದಲ್ಲಿ ಸವಾರಿ ಕಲಿತಿದ್ದ ಹಂಸ ತನ್ನ ಪಾಲಿನಲ್ಲಿ ಮರಳು ಹಾಸಿ, ತಗಡಿನ ಲಾಯ ಕಟ್ಟಿಸಿ, ಮೂರು ಕುದುರೆಗಳನ್ನು ತಂದು ಮಕ್ಕಳಿಗೆ ಸವಾರಿ ಕಲಿಸುವ ಶಾಲೆ ತೆರೆದಳು.

‘ಬಾಡಿಗೆ ಬರೋ ಜಾಗದಲ್ಲಿ ಲದ್ದಿ ಬೀಳ್ತಿದೆ,’ ಎಂದು ವಸಂತ ನೆಂಟರ ಮುಂದೆ ನಗುತ್ತಿದ್ದ. ಹಂಸ ಅವರ ಜೊತೆ ತಾನೂ ನಗುತ್ತಿದ್ದಳು. ಆದರೆ ಆ ಮಾತು ಅವಳೊಳಗೆ ಮುಳ್ಳಿನಂತೆ ಕೂತಿತ್ತು. ಕುದುರೆ ಸಾಕುವುದು ತನಗೆ ಶೋಕಿಯಲ್ಲ, ತಾನೂ ಲಾಭ ನಷ್ಟ ತಿಳಿದು ವ್ಯವಹಾರ ಮಾಡಬಲ್ಲೆ ಎಂದು ಅಣ್ಣನಿಗೆ ತೋರಿಸಬೇಕಿತ್ತು.

ಮೂರರಲ್ಲಿ ಹೆಸರುವಾಸಿಯಾದದ್ದು ಗೆಜ್ಜೆ. ರೇಸಿನಲ್ಲಿ ಓಡುತ್ತಿದ್ದಾಗ ಅವಳ ಹೆಸರು ಸಿಲ್ವರ್ ಆಂಕ್ಲೆಟ್. ಮುಂಗಾಲು ಊದಿಕೊಂಡು ರೇಸಿನಿಂದ ಹೊರಬಿದ್ದವಳನ್ನು ಹಂಸ ಕೊಂಡು ತಂದಿದ್ದಳು. ಲಾಯ ನೋಡಿಕೊಳ್ಳುವ ಜಟ್ಟೆಪ್ಪ ಇಂಡಿ ತಾಲ್ಲೂಕಿನವನು, ಐವತ್ತು ದಾಟಿದವನು. ಹೆಂಡತಿ ಜಟ್ಟೆಮ್ಮನ ಜೊತೆ ಲಾಯದ ಪಕ್ಕದ ಕೋಣೆಯಲ್ಲೇ ಇದ್ದ. ಆ ಇಂಗ್ಲಿಷ್ ಹೆಸರು ಅವನ ನಾಲಿಗೆಗೆ ಹತ್ತಲಿಲ್ಲ. ಅದರ ಅರ್ಥ ಕೇಳಿಕೊಂಡು ‘ಗೆಜ್ಜಿ’ ಎಂದು ಕರೆದ. ಕುದುರೆ ಅದಕ್ಕೇ ಕಿವಿ ನಿಮಿರಿಸಿತು. ಇಂದಿರಾನಗರದಿಂದ ಶನಿವಾರ ಭಾನುವಾರ ಬರುವ ಮಕ್ಕಳೂ ಗೆಜ್ಜೆ ಎಂದೇ ಕರೆದರು. ಮೊದಲ ದಿನ ಹೆದರಿ ಅಳುವ ಮಗುವನ್ನು ಗೆಜ್ಜೆಯ ಮೇಲೇ ಕೂರಿಸುತ್ತಿದ್ದರು. ಬೆನ್ನ ಮೇಲಿನ ಭಾರ ಒಂದು ಕಡೆ ವಾಲಿತೆಂದರೆ ಅವಳು ತಾನಾಗಿ ನಿಂತುಬಿಡುತ್ತಿದ್ದಳು.

ಹೋದ ವರ್ಷ ಹಂಸ ಮೂರೂ ಕುದುರೆಗಳಿಗೆ ವಿಮೆ ಮಾಡಿಸಲು ಹೊರಟಳು. ಹಸುವಿನ ವಿಮೆ ಎಲ್ಲರಿಗೂ ಗೊತ್ತು, ಕುದುರೆಯದು ಎಂದರೆ ಅರ್ಧ ಜನ ಫೋನಿನಲ್ಲೇ ನಕ್ಕರು. ಕೊನೆಗೆ ಎರಡು ಕಂಪನಿಗಳು ಉಳಿದವು. ಒಂದು ಹಳೆಯದು, ಎಲ್ಲಕ್ಕೂ ಹಲಸೂರಿನ ಕಚೇರಿಗೆ ಹೋಗಿ ಕೂರಬೇಕು. ಇನ್ನೊಂದು ಹೊಸದು, ಎಲ್ಲವೂ ಮೊಬೈಲಿನಲ್ಲೇ, ಕಂತೂ ಕಡಿಮೆ. ಹಂಸ ಹೊಸ ಕಂಪನಿಯ ಹುಡುಗಿಯನ್ನು ಫೋನಿನಲ್ಲಿ ಬಿಡದೆ ಪ್ರಶ್ನಿಸಿದಳು. ರೇಸಿನಿಂದ ಬಂದ ಕುದುರೆಗೆ ಪೂರ್ತಿ ಬೆಲೆ ಕಟ್ಟುತ್ತೀರಾ, ಮಕ್ಕಳಿಗೆ ಕಲಿಸುವಾಗ ಸತ್ತರೆ ಕೊಡುತ್ತೀರಾ, ದುಡ್ಡು ಎಷ್ಟು ದಿನಕ್ಕೆ ಬರುತ್ತದೆ. ಹುಡುಗಿ ಎಲ್ಲಕ್ಕೂ ತಾಳ್ಮೆಯಿಂದ ಉತ್ತರಿಸಿ, ‘ಇನ್ನೊಂದ್ ವಿಷಯ ಮೇಡಂ, ಪ್ರಾಣಿಗೆ ತುಂಬಾ ನೋವಾಗ್ತಿದ್ದು, ಉಳಿಯಲ್ಲ ಅಂತ ಡಾಕ್ಟರ್ ಹೇಳಿದಾಗ ಏನ್ಮಾಡ್ಬೇಕು ಅಂದ್ರೆ...’ ಎಂದು ಶುರುಮಾಡಿದಳು.

‘ಅದೆಲ್ಲ ಮೇಲ್‌ನಲ್ಲಿ ಕಳಿಸಿಬಿಡಿ. ಮೂರೂ ಒಟ್ಟಿಗೆ ಮಾಡಿಸಿದ್ರೆ ಡಿಸ್ಕೌಂಟ್ ಎಷ್ಟು ಕೊಡ್ತೀರಾ, ಅದ್ ಹೇಳಿ,’ ಎಂದಳು ಹಂಸ.

ರಿಯಾಯಿತಿ ಸಿಕ್ಕಿತು. ಕುದುರೆಗಳ ಕುತ್ತಿಗೆಗೆ ಅಕ್ಕಿಕಾಳಿನಷ್ಟು ಚಿಪ್ ಚುಚ್ಚಿಹೋದರು. ಆ ಸಂಜೆ ವಸಂತನಿಗೆ ಎಲ್ಲ ವಿವರಿಸಿದಾಗ ಅವನು ಮೊದಲ ಬಾರಿಗೆ ನಗದೆ ಕೇಳಿಸಿಕೊಂಡ. ಹಂಸಳಿಗೆ ಅದೇ ದೊಡ್ಡ ಗೆಲುವಾಯಿತು.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಬೆಳಿಗ್ಗೆ ಜಟ್ಟೆಪ್ಪ ಫೋನ್ ಮಾಡಿದ. ‘ಅಕ್ಕಾವ್ರ, ಗೆಜ್ಜಿ ಹುಲ್ಲ ಮೂಸವಲ್ಲಳ್ರಿ. ಹೊಟ್ಟಿ ಹಿಡದಂಗ ಕಾಣತೈತಿ. ಲಗೂ ಬರ್ರಿ.’

ಹಂಸ ಹೋಗುವಷ್ಟರಲ್ಲಿ ಗೆಜ್ಜೆಯ ಮೈಯೆಲ್ಲ ಬೆವರಿತ್ತು. ಅವಳು ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು, ಮುಂಗಾಲಿನಿಂದ ನೆಲ ಕೆರೆಯುತ್ತಿದ್ದಳು, ಕುಸಿದು ಮಲಗಿ ಹೊರಳುತ್ತಿದ್ದಳು. ಜಟ್ಟೆಪ್ಪ ಹಗ್ಗ ಹಿಡಿದೆಳೆದು ಎಬ್ಬಿಸಿ ಮರಳಿನಲ್ಲಿ ಸುತ್ತು ಹಾಕಿಸುತ್ತಿದ್ದ. ಬಾಣಸವಾಡಿಯಿಂದ ಡಾಕ್ಟರ್ ಶಾಂಭವಿ ಬಂದರು. ಸೂಜಿ ಹಾಕಿದರು, ಮೂಗಿನಿಂದ ಹೊಟ್ಟೆಗೆ ನಳಿಕೆ ಇಳಿಸಿದರು, ಭುಜದವರೆಗೆ ಕೈಗವಸು ತೊಟ್ಟು ಒಳಗೆ ಕೈಯಾಡಿಸಿ ನೋಡಿದರು. ಗೆಜ್ಜೆಯ ತುಟಿ ಎತ್ತಿದಾಗ ವಸಡು ನೇರಳೆ ಬಣ್ಣಕ್ಕೆ ತಿರುಗಿತ್ತು.

‘ಕರುಳು ತಿರುಚ್ಕೊಂಡಿದೆ ಹಂಸ,’ ಎಂದರು ಡಾಕ್ಟರ್.

‘ಹೆಬ್ಬಾಳದ ಪಶು ಆಸ್ಪತ್ರೆಗೆ ಕರ್ಕೊಂಡ್ ಹೋದ್ರೆ? ಆಪರೇಷನ್?’

‘ಹಾರ್ಟ್ ಆಗ್ಲೇ ಕೈ ಬಿಡ್ತಿದೆ. ವ್ಯಾನ್ ಹತ್ತಲ್ಲ, ಹತ್ತಿದ್ರೂ ದಾರೀಲೇ ಹೋಗ್ಬಿಡತ್ತೆ. ನೋವಿನ ಇಂಜೆಕ್ಷನ್ ಕೂಡ ಕೆಲಸ ಮಾಡ್ತಿಲ್ಲ ನೋಡಿ. ಮಲಗಿಸಿಬಿಡೋಣ.’

ಹಂಸಳ ಕಣ್ಣು ತುಂಬಿಕೊಂಡಿತು. ‘ಸರಿ’ ಎನ್ನಲು ಬಾಯಿ ತೆರೆದಳು. ಆಗಲೇ ವಿಮೆಯ ನೆನಪು ಬಂತು. ಕಂಪನಿಗೆ ತಿಳಿಸದೆ ಕುದುರೆಯನ್ನು ಕೊಲ್ಲಿಸಬಾರದು ಎಂದು ಎಲ್ಲೋ ಓದಿದ ನೆನಪು.

‘ಒಂದ್ನಿಮಿಷ ಡಾಕ್ಟ್ರೇ. ಇನ್ಶೂರೆನ್ಸ್‌ನವರಿಗೆ ಹೇಳ್ಬೇಕು.’

ಫೋನಿನಲ್ಲಿ ಬಹಳ ಹೊತ್ತು ಪಿಟೀಲು ನುಡಿಯಿತು. ಕೊನೆಗೆ ಸಿಕ್ಕವನು ಪಾಲಿಸಿ ನಂಬರು, ಚಿಪ್ ನಂಬರು, ಡಾಕ್ಟರರ ನೋಂದಣಿ ನಂಬರು ಎಲ್ಲ ಬರೆದುಕೊಂಡು, ‘ಅಪ್ರೂವಲ್ ಮೇಲ್ ಬರತ್ತೆ ಮೇಡಂ, ವೇಟ್ ಮಾಡಿ’ ಎಂದ. ಕಾಯದಿದ್ದರೆ ಏನಾಗುತ್ತದೆ ಎಂದು ಹಂಸ ಕೇಳಲಿಲ್ಲ. ‘ಬೇಗ ಕಳಿಸಿ’ ಎಂದಷ್ಟೇ ಹೇಳಿದಳು.

ಗೆಜ್ಜೆಗೆ ಇನ್ನು ನಡೆಯಲಾಗಲಿಲ್ಲ. ಲಾಯದ ಬಾಗಿಲಲ್ಲೇ ಬಿದ್ದಳು. ಹೊರಳುವಾಗಲೆಲ್ಲ ತಲೆ ಕಲ್ಲಿಗೆ ಬಡಿಯುತ್ತಿತ್ತು. ಜಟ್ಟೆಮ್ಮ ಒಳಗಿನಿಂದ ಕೌದಿ ತಂದು ತಲೆಯ ಕೆಳಗೆ ಕೊಟ್ಟಳು. ಕುದುರೆ ಇಂಥ ದನಿ ತೆಗೆಯುತ್ತದೆ ಎಂದು ಹಂಸಳಿಗೆ ಗೊತ್ತಿರಲಿಲ್ಲ. ಕೆನೆತವಲ್ಲ, ಮನುಷ್ಯರ ನರಳಾಟಕ್ಕೆ ಹತ್ತಿರವಾದದ್ದು. ಪಿ.ಜಿ.ಯ ಬಾಲ್ಕನಿಗಳಲ್ಲಿ ಒಬ್ಬಿಬ್ಬರು ಹುಡುಗರು ಬಂದು ನಿಂತು ಮೊಬೈಲ್ ಹಿಡಿದು ನೋಡಿ, ಆಮೇಲೆ ನೋಡಲಾರದೆ ಒಳಗೆ ಹೋದರು.

‘ನಾನು ಸರ್ಟಿಫಿಕೇಟ್ ಬರ್ದು ಕೊಡ್ತೀನಿ,’ ಎಂದರು ಡಾಕ್ಟರ್. ‘ಇಂಥ ಸ್ಥಿತೀಲಿ ಯಾವ ಕಂಪನೀನೂ ತಕರಾರು ತೆಗೆಯಲ್ಲ. ಕಾಯೋದ್ ಬೇಡ.’

‘ಮೇಲ್ ಬಂದ್ಬಿಡ್ಲಿ ಡಾಕ್ಟ್ರೇ. ಈಗ ಬರತ್ತೆ.’

‘ಕುದುರೆ ನಿಮ್ದು. ನೀವು ಹೇಳೋವರ್ಗೂ ನಾನು ಮಾಡೋ ಹಾಗಿಲ್ಲ.’ ಡಾಕ್ಟರ್ ಮತ್ತೊಂದು ನೋವಿನ ಸೂಜಿ ಹಾಕಿ ಗೆಜ್ಜೆಯ ಪಕ್ಕದಲ್ಲೇ ಕೂತರು.

ಹಂಸ ಫೋನು ನೋಡಿದಳು. ಮತ್ತೆ ನೋಡಿದಳು. ಸಿಗ್ನಲ್ ಸರಿಯಿಲ್ಲ ಎಂದು ಹೇಳಿ ಗೇಟಿನ ಹತ್ತಿರದ ಬೇವಿನ ಮರದ ಕೆಳಗೆ ಹೋಗಿ ನಿಂತಳು. ಸಿಗ್ನಲ್ ಲಾಯದಲ್ಲೂ ಚೆನ್ನಾಗಿಯೇ ಇತ್ತು. ಅಲ್ಲಿ ನಿಂತವಳು ವಿಮೆಯ ದುಡ್ಡಿಗೆ ಎಂಥ ಕುದುರೆ ಬಂದೀತು ಎಂದು ಯೋಚಿಸಿದಳು. ದುಡ್ಡು ಹೋದರೆ ವಸಂತ ಏನೆನ್ನುತ್ತಾನೆ ಎಂದೂ ಯೋಚಿಸಿದಳು. ನಡುನಡುವೆ ಲಾಯದಿಂದ ಆ ದನಿ ಕೇಳಿಬರುತ್ತಿತ್ತು.

ಜಟ್ಟೆಪ್ಪ ಅಲ್ಲಿಗೇ ಬಂದ. ಅಂಗಿಯ ತುಂಬ ಕುದುರೆಯ ಬೆವರು.

‘ಅಕ್ಕಾವ್ರ, ಆಕಿನ್ನ ಬಿಟ್ಬಿಡ್ರಿ. ಭಾಳ ತ್ರಾಸ ಆಗ್ಲಿಕ್ಹತ್ತೈತ್ರಿ ಆಕಿಗಿ.’

‘ಕಂಪನಿ ರೂಲ್ಸ್ ಜಟ್ಟೆಪ್ಪಣ್ಣ. ಅವರು ಹೇಳ್ದೆ ಮಾಡೋ ಹಾಗಿಲ್ಲ. ನಾನೇನ್ ಮಾಡ್ಲಿ?’

ಜಟ್ಟೆಪ್ಪ ಅವಳನ್ನೊಮ್ಮೆ ನೋಡಿದ. ‘ಹಂಗಾದ್ರ ಏನ್ ಮಾಡಾಕ್ ಬರತೈತ್ರಿ,’ ಎಂದು ಹಿಂದಕ್ಕೆ ಹೋದ.

ಮೇಲ್ ಬರುವ ಹೊತ್ತಿಗೆ ಪಿ.ಜಿ.ಯ ಅಡುಗೆಮನೆಯಿಂದ ಮಧ್ಯಾಹ್ನದ ಸಾರಿನ ವಾಸನೆ ಬರುತ್ತಿತ್ತು. ಹಂಸ ಓಡಿಬಂದು ತಲೆಯಾಡಿಸಿದಳು. ಡಾಕ್ಟರ್ ಆಗಲೇ ಔಷಧ ತುಂಬಿಟ್ಟುಕೊಂಡಿದ್ದರು. ಗೆಜ್ಜೆ ಒಂದು ದೊಡ್ಡ ಉಸಿರು ಬಿಟ್ಟು ಸುಮ್ಮನಾದಳು. ಅಷ್ಟು ಸಣ್ಣ ಕೆಲಸಕ್ಕೆ ಅಷ್ಟು ಹೊತ್ತು ಕಾದದ್ದು.

ಕ್ಲೇಮಿಗೆ ಫೋಟೋ ಬೇಕಿತ್ತು. ನಾಲ್ಕೂ ಕಡೆಯಿಂದ, ಚಿಪ್ ಇರುವ ಜಾಗದ್ದು ಬೇರೆಯಾಗಿ. ಹಂಸ ಮೊಬೈಲ್ ಹಿಡಿದು ಸತ್ತ ಕುದುರೆಯ ಸುತ್ತ ಸುತ್ತಿದಳು. ‘ಜಟ್ಟೆಪ್ಪಣ್ಣ, ತಲೆ ಸ್ವಲ್ಪ ಆ ಕಡೆ ತಿರುಗಿಸಿ. ಕುತ್ತಿಗೆ ಕಾಣ್ಬೇಕು.’ ಅವನು ಎರಡೂ ಕೈಯಲ್ಲಿ ಗೆಜ್ಜೆಯ ತಲೆಯನ್ನೆತ್ತಿ ತಿರುಗಿಸಿ ಹಿಡಿದ. ಫೋಟೋ ತೆಗೆದದ್ದಾದ ಮೇಲೂ ಅವನು ಅದನ್ನು ಕೆಳಗಿಳಿಸಲಿಲ್ಲ. ಗುಂಡಿ ತೋಡಲು ಜೆಸಿಬಿ ಬರುವವರೆಗೂ ಹಾಗೆಯೇ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಅದೇ ವಾರ ಕಂಪನಿಯ ಪರವಾಗಿ ವಿಚಾರಿಸಲು ಮುತ್ತುರಾಜ್ ಎಂಬವರು ಬಂದರು. ವಿಮೆಯ ಕೆಲಸದಲ್ಲೇ ತಲೆ ಹಣ್ಣಾದವರು. ಲಾಯ ನೋಡಿದರು, ಹೂತ ಜಾಗ ನೋಡಿದರು, ಡಾಕ್ಟರರ ವರದಿ ಓದಿದರು, ಮೇಲ್ ಬಂದ ಹೊತ್ತನ್ನೂ ಸೂಜಿ ಹಾಕಿದ ಹೊತ್ತನ್ನೂ ತಾಳೆ ನೋಡಿದರು. ಹಂಸಳಿಗೆ ಪರೀಕ್ಷೆಯ ಫಲಿತಾಂಶಕ್ಕೆ ಕಾದಂತೆ ಇತ್ತು.

‘ತುಂಬಾ ಕ್ಲೀನ್ ಆಗಿದೆ ಮೇಡಂ,’ ಎಂದು ಅವರು ಕನ್ನಡಕ ತೆಗೆದರು. ‘ನಿಮ್ಮಂಥ ಕಸ್ಟಮರ್ ಸಿಗೋದು ಕಷ್ಟ. ಎಲ್ಲರೂ ಗಾಬರೀಲಿ ಏನೇನೋ ಮಾಡ್ಕೊಂಡು ಆಮೇಲೆ ನಮ್ ಹತ್ರ ಜಗಳಕ್ಕೆ ಬರ್ತಾರೆ. ನೀವು ಎಲ್ಲ ಸರಿಯಾಗಿ ಮಾಡಿದೀರ.’

‘ರೂಲ್ಸ್ ಇತ್ತಲ್ಲ ಸರ್,’ ಎಂದಳು ಹಂಸ.

‘ಇಲ್ಲ, ಇಂಥ ಕೇಸಿಗೆ ಆ ರೂಲ್ಸ್ ಬರಲ್ಲ. ನೋವು ತಡೆಯೋಕಾಗ್ತಿಲ್ಲ, ಉಳಿಯಲ್ಲ ಅಂತ ಡಾಕ್ಟರ್ ಬರ್ದು ಕೊಟ್ರೆ ತಕ್ಷಣ ಮಲಗಿಸ್ಬಹುದು. ನಮಗೆ ಮಾರನೇ ದಿನ ಹೇಳಿದ್ರೂ ನಡೆಯತ್ತೆ. ಪಾಲಿಸಿ ತಗೊಳ್ಳೋವಾಗ ಹೇಳಿರ್ತಾರಲ್ಲ?’ ಮುತ್ತುರಾಜ್ ಹೊಗಳಿಕೆಯ ದನಿಯಲ್ಲೇ ಮುಂದುವರಿಸಿದರು. ‘ಆದ್ರೂ ನೀವು ಕಾದ್ರಲ್ಲ, ಅದು ದೊಡ್ಡ ವಿಷಯ.’

ಹಂಸಳಿಗೆ ಮುಖದ ಮೇಲೆ ಬಿಸಿನೀರು ಎರಚಿದಂತಾಯಿತು. ಫೋನಿನ ಆ ಹುಡುಗಿ ನೆನಪಾದಳು, ‘ಕಾಯೋದ್ ಬೇಡ’ ಎಂದ ಡಾಕ್ಟರ್ ನೆನಪಾದರು. ಮುತ್ತುರಾಜ್‌ಗೆ ಕಾಫಿ ತರಿಸಿ ಕೊಟ್ಟು, ಗೇಟಿನವರೆಗೆ ಹೋಗಿ ಬೀಳ್ಕೊಟ್ಟು, ವಾಪಸು ಬಂದು ಜೀನುಗಳನ್ನಿಡುವ ಕೋಣೆಯ ಬಾಗಿಲು ಹಾಕಿಕೊಂಡು ಕೂತಳು. ಅಳು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು.

ದುಡ್ಡು ಹೇಳಿದ್ದಕ್ಕಿಂತ ಬೇಗ ಬಂತು. ವಸಂತ ಅವಳ ಬೆನ್ನು ತಟ್ಟಿದ. ‘ಪರವಾಗಿಲ್ಲ ಹಂಸ. ನೀನು ಇಷ್ಟು ಗಟ್ಟಿ ಇದೀಯ ಅಂದ್ಕೊಂಡಿರ್ಲಿಲ್ಲ. ಬೇರೆ ಯಾರಾದ್ರೂ ಆಗಿದ್ರೆ ಅಳ್ತಾ ಕೂತು ದುಡ್ಡು ಕಳ್ಕೊಂಡಿರೋರು.’ ಎಷ್ಟೋ ವರ್ಷಗಳಿಂದ ಅವನಿಂದ ಕೇಳಬೇಕೆಂದಿದ್ದ ಮಾತು ಅದು. ಈಗ ಅದನ್ನು ಕೇಳಿ ಅವಳಿಗೆ ಎದ್ದುಹೋಗಿ ಕೈ ತೊಳೆದುಕೊಳ್ಳಬೇಕು ಅನ್ನಿಸಿತು.

ಅದಕ್ಕಿಂತ ಕಷ್ಟವಾದದ್ದು ಜಟ್ಟೆಪ್ಪನ ಮಾತು. ಒಂದು ಭಾನುವಾರ ಇಂದಿರಾನಗರದ ಪ್ರಿಯದರ್ಶಿನಿ, ಗೆಜ್ಜೆಯ ಮೇಲೆ ಸವಾರಿ ಕಲಿತ ಹುಡುಗಿಯೊಬ್ಬಳ ತಾಯಿ, ಬೇಲಿಯ ಹತ್ತಿರ ನಿಂತು ಅವನನ್ನು ಕೇಳುತ್ತಿದ್ದರು. ಹಂಸ ಲಾಯದ ಒಳಗಿದ್ದಳು.

‘ಅಷ್ಟೊತ್ತು ಯಾಕೆ ಹಾಗೇ ಬಿಟ್ರಿ? ಪಿ.ಜಿ. ಹುಡುಗ್ರು ವಿಡಿಯೋ ಹಾಕಿದ್ರು. ನನ್ ಮಗಳು ಎರಡ್ ದಿನ ಸರಿಯಾಗಿ ಊಟ ಮಾಡ್ಲಿಲ್ಲ.’

‘ಅಕ್ಕಾವ್ರದ ಏನ್ ತಪ್ಪಿಲ್ರಿ,’ ಎನ್ನುತ್ತಿದ್ದ ಜಟ್ಟೆಪ್ಪ. ‘ಕಂಪನಿ ಕಾಯಿದೆ ಹಂಗ ಐತ್ರಿ. ಅವರು ಹೂಂ ಅನ್ನೂತನಾ ಕೈ ಹಚ್ಚಂಗಿಲ್ಲ. ಅಕ್ಕಾವ್ರು ಪಾಪ, ನೋಡಾಕ್ ಆಗ್ಲಾರ್ದ ಗೇಟಿನ್ ಕಡಿ ಹೋಗಿ ನಿಂತಿದ್ರು.’

ಹಂಸ ಹುಲ್ಲಿನ ಪಿಂಡಿಯ ಹಿಂದೆ ಹಾಗೆಯೇ ನಿಂತಳು. ಹೊರಗೆ ಬಂದು ‘ಹಾಗಲ್ಲ’ ಎನ್ನಲಿಲ್ಲ. ಪ್ರಿಯದರ್ಶಿನಿ ಹೊರಡುವಾಗ ಲಾಯದೊಳಗೆ ಬಂದು ಅವಳ ಕೈ ಹಿಡಿದು, ‘ಸಾರಿ ಹಂಸ, ನಿಮಗೆಷ್ಟು ಸಂಕಟ ಆಗಿರ್ಬೇಕು’ ಎಂದರು. ಅದನ್ನೂ ಅವಳು ಸುಮ್ಮನೆ ತೆಗೆದುಕೊಂಡಳು.

ಆಮೇಲೆ ಅವಳಿಗೆ ಜಟ್ಟೆಪ್ಪನ ಮುಖ ನೋಡಿ ಮಾತಾಡುವುದೇ ಆಗಲಿಲ್ಲ. ಹೇಳಬೇಕಾದ್ದನ್ನೆಲ್ಲ ಕುದುರೆಗಳ ಕಡೆ ನೋಡುತ್ತ ಹೇಳುತ್ತಿದ್ದಳು. ಹೊಸ ಕುದುರೆ ಯಾವಾಗ ತರೋಣ ಎಂದು ಅವನು ಕೇಳಿದಾಗಲೆಲ್ಲ ನೋಡೋಣ ಎನ್ನುತ್ತಿದ್ದಳು.

ಶ್ರಾವಣ ಹತ್ತಿರ ಬರುವಾಗ ವಾಜಿದ್ ಬಂದ. ಶಿವಾಜಿನಗರದಲ್ಲಿ ಮದುವೆ ಮೆರವಣಿಗೆಗೆ ಬಿಳಿ ಕುದುರೆಗಳನ್ನು ಕಳಿಸುವವನು. ಹಂಸಳ ಹರಿದ ಜೀನುಗಳನ್ನು ಹೊಲಿಸಿಕೊಡುತ್ತಿದ್ದವನೂ ಅವನೇ. ಅವನ ಒಂದು ಕುದುರೆ ಆಟೋ ಗುದ್ದಿ ಕಾಲು ಮುರಿದುಕೊಂಡು ತೀರಿಹೋಗಿತ್ತು. ಉಳಿದ ಎರಡಕ್ಕಾದರೂ ವಿಮೆ ಮಾಡಿಸಬೇಕೆಂದು ಕೇಳಲು ಬಂದಿದ್ದ.

‘ಎಲ್ಲರೂ ನಿಮ್ದೇ ಮಾತು ಹೇಳ್ತಾರೆ ಮೇಡಂ. ಒಂದು ಫೋನು, ಒಂದು ಮೇಲು, ಸಟಕ್ ಅಂತ ದುಡ್ಡು ಬಂತಂತೆ. ಯಾವ್ ಕಂಪನಿ ಅದು? ಹೆಂಗ್ ಮಾಡಿದ್ರಿ, ನಂಗೂ ಹೇಳಿಕೊಡಿ.’

ಹಂಸ ಕಂಪನಿಯ ಹೆಸರು ಹೇಳಿದಳು. ಕಂತು ಹೇಳಿದಳು. ಚಿಪ್ ವಿಷಯ ಹೇಳಿದಳು. ಅಷ್ಟರಲ್ಲಿ ಜಟ್ಟೆಪ್ಪ ಒಳಗಿನಿಂದ ಚಹಾ ತಂದ. ವಾಜಿದ್ ಅವನನ್ನೂ ಮಾತಿಗೆಳೆದ.

‘ಏನ್ ಜಟ್ಟೆಪ್ಪ, ಕಂಪನಿಯವರು ಒಳ್ಳೇವರಾ?’

‘ದುಡ್ಡು ಕೊಟ್ಟಾರ್ರಿ ಮತ್ತ. ಆದ್ರ ಅವರ ಕಾಯಿದೆ ಭಾಳ ಖರಾಬ್ ಐತಿ. ಜೀವ ಹೋಗೂ ಮುಂದ ಸುದ್ದಾ ಅಪ್ಪಣಿ ಕೇಳ್ಬೇಕ್ ನೋಡ್ರಿ.’

ವಾಜಿದ್‌ನ ಮುಖ ಸಪ್ಪಗಾಯಿತು. ‘ಅಂಥ ಕಂಪನಿ ಯಾಕ್ ಬೇಕು ಹಂಗಾದ್ರೆ? ನನ್ ಕುದುರೆ ಆವತ್ತು ರೋಡಲ್ಲಿ ಬಿದ್ದು ಒದ್ದಾಡ್ತಾ ಇತ್ತು. ಡಾಕ್ಟರ್ ಬಂದ ಕೂಡ್ಲೆ ಮುಗಿಸಿದ್ರು. ಅದಕ್ಕೂ ಪರ್ಮಿಷನ್ ಕೇಳು ಅಂದ್ರೆ ಆಗಲ್ಲಪ್ಪ ನನ್ ಕೈಲಿ.’

ಹಂಸ ಈಗಲೂ ಸುಮ್ಮನಿರಬಹುದಿತ್ತು. ವಾಜಿದ್ ಬೇರೆ ಕಂಪನಿ ಹುಡುಕಿಕೊಳ್ಳುತ್ತಿದ್ದ, ಜಟ್ಟೆಪ್ಪ ಲೋಟ ತೆಗೆದುಕೊಂಡು ಹೋಗುತ್ತಿದ್ದ. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

‘ಕಾಯಿದೆ ಹಾಗಿಲ್ಲ ವಾಜಿದ್ ಭಾಯ್,’ ಎಂದಳು. ‘ಡಾಕ್ಟರ್ ಬರ್ದು ಕೊಟ್ರೆ ಸಾಕು, ಯಾರನ್ನೂ ಕೇಳ್ಬೇಕಾಗಿಲ್ಲ. ನಾವು ಕಾಯ್ಬೇಕಾಗೇ ಇರ್ಲಿಲ್ಲ.’

ಇಬ್ಬರೂ ಅವಳನ್ನೇ ನೋಡಿದರು.

‘ಪಾಲಿಸಿ ಮಾಡಿಸೋವಾಗ್ಲೇ ಆ ಹುಡುಗಿ ಹೇಳೋಕ್ ಬಂದ್ಲು, ನಾನು ಕೇಳಿಸ್ಕೊಳ್ಲಿಲ್ಲ. ಆವತ್ತು ಡಾಕ್ಟ್ರು ಕಾಯೋದ್ ಬೇಡ ಅಂದ್ರು, ಅದನ್ನೂ ಕೇಳ್ಲಿಲ್ಲ. ದುಡ್ಡು ಎಲ್ಲಿ ತಪ್ಪಿಹೋಗತ್ತೋ ಅಂತ ನಾನೇ ಕಾಯಿಸ್ದೆ. ಕಂಪನಿ ಒಳ್ಳೇದೇ. ಬೇಕಾದ್ರೆ ಮಾಡ್ಸಿ.’ ಆಮೇಲೆ ಕಷ್ಟಪಟ್ಟು ಜಟ್ಟೆಪ್ಪನ ಕಡೆ ತಿರುಗಿದಳು. ‘ರೂಲ್ಸ್ ಅಂತ ನಿಮಗೆ ಸುಳ್ಳು ಹೇಳ್ದೆ ಜಟ್ಟೆಪ್ಪಣ್ಣ. ಆವತ್ತು ನನಗೂ ಸರಿಯಾಗಿ ಗೊತ್ತಿರ್ಲಿಲ್ಲ, ನಿಜ. ಆದ್ರೆ ಆಮೇಲೆ ಗೊತ್ತಾಯ್ತು. ನೀವು ಎಲ್ಲರ ಹತ್ರ ನನ್ ಪರವಾಗಿ ಮಾತಾಡ್ತಿದ್ದಾಗ್ಲೂ ಬಾಯಿ ಬಿಡ್ಲಿಲ್ಲ.’

‘ಕಾಯಿದೆ ಇದ್ದಿದ್ದಿಲ್ಲೇನ್ರಿ?’ ಎಂದ ಜಟ್ಟೆಪ್ಪ.

‘ಇರ್ಲಿಲ್ಲ.’

ಅವನು ಚಹಾದ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಲಾಯದ ಹಿಂಬದಿಗೆ ನಡೆದುಹೋದ. ವಾಜಿದ್ ಸ್ವಲ್ಪ ಹೊತ್ತು ಕಾಲಬೆರಳಿನಿಂದ ಮರಳು ಕೆದಕಿದ. ‘ಆಗತ್ತೆ ಮೇಡಂ, ಗಾಬರೀಲಿ ಆಗತ್ತೆ,’ ಎಂದ. ಹಂಸ ಅದಕ್ಕೆ ಹೂಂ ಎನ್ನಲಿಲ್ಲ. ತನಗೆ ಆವತ್ತು ಗಾಬರಿಯೇನೂ ಆಗಿರಲಿಲ್ಲವೆಂದು ಅವಳಿಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಜಟ್ಟೆಪ್ಪ ಕೆಲಸ ಬಿಟ್ಟು ಹೋಗಿರುತ್ತಾನೆ ಎಂದುಕೊಂಡೇ ಹಂಸ ಬಂದಳು. ಅವನು ಎಂದಿನಂತೆ ಲದ್ದಿ ಬಳಿಯುತ್ತಿದ್ದ. ಜಟ್ಟೆಮ್ಮ ಮಾತ್ರ ಅವಳನ್ನು ಕಂಡು ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಆ ವಾರವಿಡೀ ಅವನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟ. ಹಂಸ ಪ್ರಿಯದರ್ಶಿನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ಅವರು ‘ಓ’ ಎಂದರು. ಮುಂದಿನ ತಿಂಗಳಿಂದ ಅವರ ಮಗಳು ಬರಲಿಲ್ಲ. ವಸಂತನಿಗೆ ಹೇಳಿದಾಗ ಅವನಿಗೆ ಅರ್ಥವೇ ಆಗಲಿಲ್ಲ. ‘ದುಡ್ಡು ವಾಪಸ್ ಕೇಳ್ತಾರಾ?’ ಎಂದು ಕೇಳಿ, ಇಲ್ಲ ಎಂದ ಮೇಲೆ ನಿಶ್ಚಿಂತನಾದ.

ಒಂದು ದಿನ ಕುದುರೆಗಳಿಗೆ ನೀರು ತೋರಿಸಿ ಬಂದ ಜಟ್ಟೆಪ್ಪ ಅವಳೆದುರು ನಿಂತ.

‘ಅಕ್ಕಾವ್ರ, ಒಂದ್ ಮಾತ್ ಹೇಳ್ತೀನಿ. ನಾ ಊರಿಗಿ ಹೋಗ್ಬೇಕಂತ ಮಾಡಿದ್ನಿ. ಈ ಎರಡರ ಮಾರಿ ನೋಡಿ ನಿಂತೀನಿ.’

‘ಗೊತ್ತು ಜಟ್ಟೆಪ್ಪಣ್ಣ.’

‘ನಂದೂ ತಪ್ಪೈತಿ. ಕಾಯಿದೆ ಅಂದ್ರಿ, ಸುಮ್ನಾದ್ನಿ. ಗೆಜ್ಜಿ ನನ್ನ ಮಾರೀನ ನೋಡಾಕ್ಹತ್ತಿದ್ಳು, ನಾ ಇನ್ನೊಂದ್ ಮಾತ್ ಆಡ್ಲಿಲ್ಲ.’ ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. ‘ಇನ್ನ ಮುಂದ ಹಂಗಾದ್ರ ನಾ ಡಾಕ್ಟರ್ ಅಕ್ಕಾವ್ರಿಗಿ ಹೇಳ್ತೀನ್ರಿ. ನಿಮಗ ಕೇಳಂಗಿಲ್ಲ. ಇದಕ ಒಪ್ಪಿದ್ರ ಇರ್ತೀನಿ.’

ಕೆಲಸದವನಿಂದ ಇಂಥ ಮಾತು ಕೇಳಬೇಕಾಯಿತಲ್ಲ ಎಂದು ಹಂಸಳಿಗೆ ಅನ್ನಿಸಲಿಲ್ಲ. ಅವನಿಗೆ ಇದನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂತಲ್ಲ ಎಂದು ತಲೆ ತಗ್ಗಿತು. ಅಲ್ಲೇ ನಿಂತು ಡಾಕ್ಟರ್ ಶಾಂಭವಿಗೆ ಫೋನ್ ಮಾಡಿದಳು.

‘ಡಾಕ್ಟ್ರೇ, ಇನ್ಮೇಲೆ ಕುದುರೆಗಳ ವಿಷಯದಲ್ಲಿ ಜಟ್ಟೆಪ್ಪಣ್ಣ ಹೇಳಿದ್ರೆ ಸಾಕು. ನನ್ನ ಕೇಳೋದ್ ಬೇಡ. ಬೇಕಾದ್ರೆ ಬರ್ದು ಕೊಡ್ತೀನಿ.’

‘ಸರಿ. ಬರ್ದೇ ಕೊಡಿ,’ ಎಂದು ಡಾಕ್ಟರ್ ಫೋನಿಟ್ಟರು. ಅವರ ದನಿಯಲ್ಲಿ ಹಳೆಯ ಸಲಿಗೆ ಇರಲಿಲ್ಲ.

ಜಟ್ಟೆಪ್ಪ ತಲೆಯಾಡಿಸಿದ. ‘ಬೂಸಾ ಮುಗದೈತ್ರಿ. ಸಂಜಿಗಿ ಬೇಕಾಗ್ತದ,’ ಎಂದು ಹೇಳಿ ತನ್ನ ಕೆಲಸಕ್ಕೆ ಹೋದ. ಹಂಸ ಸ್ಕೂಟರಿನ ಕೀ ತೆಗೆದುಕೊಂಡು ರಾಮಮೂರ್ತಿ ನಗರದ ಅಂಗಡಿಗೆ ಹೊರಟಳು.